ಓದಿ ಹೇಳಿದ ಅಳತೆ

ಬನಹಟ್ಟಿಯ ಗಿರಮಲ್ಲಪ್ಪನಿಗೆ ಮಾತು ಎಂಬುದು ದಿನಕ್ಕೆ ಒಂದೇ ಸಲ ಬರುತ್ತಿತ್ತು, ಸಂಜೆ ಏಳಕ್ಕೆ. ಹಾಗಂತ ಉಳಿದ ಹೊತ್ತಿನಲ್ಲಿ ಅವನೇನೂ ಮೂಕನಲ್ಲ. ಪವರ್‌ಲೂಮ್ ಶೆಡ್ಡುಗಳಲ್ಲಿ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಅವನು. ಕಿವಿಗಡಚಿಕ್ಕುವ ಸದ್ದಿನ ನಡುವೆ "ಹಿಡಿ, ಬಿಡು, ಪಾನಾ ತಾ" ಎಂದು ದಿನವಿಡೀ ಕೂಗುವುದನ್ನೂ ಮಾತು ಎನ್ನುವುದಾದರೆ ಅವನಷ್ಟು ಮಾತುಗಾರ ಊರಿನಲ್ಲೇ ಇರಲಿಲ್ಲ. ಮನೆಗೆ ಬಂದರೆ ತಮ್ಮ ಅರುಣನ ಸಂಸಾರ. ತಮ್ಮನ ಹೆಂಡತಿ ನಂದಾ ತಾಟು ಇಟ್ಟು "ಊಟ ಮಾಡ್ರಿ ಬಾವಾರ" ಎನ್ನುತ್ತಾಳೆ, ಇವನು "ಹೂಂ" ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಮದುವೆಯಾದ ಒಂದೂವರೆ ವರ್ಷಕ್ಕೆ ಇವನ ಹೆಂಡತಿ ತೇರದಾಳದ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅದಾಗಿ ಮೂವತ್ತೊಂದು ವರ್ಷ. ಯಾಕೆ ಬರಲಿಲ್ಲ ಎಂದು ಜನ ಮೊದಮೊದಲು ಕೇಳಿದರು, ಆಮೇಲೆ ತಮಗೆ ಬೇಕಾದ ಉತ್ತರ ತಾವೇ ಹೇಳಿಕೊಂಡು ಸುಮ್ಮನಾದರು. ಗಿರಮಲ್ಲಪ್ಪನಿಗೆ ಮಾತ್ರ ಇವತ್ತಿಗೂ ಉತ್ತರ ಗೊತ್ತಿಲ್ಲ.

ಮನೆಯ ಹಿಂದಿನ ಕೋಣೆಯಲ್ಲಿ ಅವನ ಅಜ್ಜನ ಕಾಲದ ಕುಣಿಮಗ್ಗವಿತ್ತು. ನೇಕಾರ ಕಾಲು ಇಳಿಬಿಟ್ಟು ಕೂರುತ್ತಿದ್ದ ಆ ಕುಣಿಗೆ ಈಗ ದಪ್ಪನೆಯ ಹಲಗೆ ಮುಚ್ಚಿದೆ. ಪಕ್ಕದಲ್ಲೊಂದು ಮೇಜು, ಮೇಜಿನ ಮೇಲೆ ಲೋಹದ ತುಂಡನ್ನು ತಿರುಗಿಸಿ ಹೆರೆಯುವ, ಎರಡು ಮೊಳದ ಸಣ್ಣ ಲೇಥ್. ಅದರಲ್ಲಿ ಅವನು ಮುಷ್ಟಿಯಷ್ಟು ದೊಡ್ಡ ಉಗಿ ಎಂಜಿನ್ನುಗಳನ್ನು ಮಾಡುತ್ತಾನೆ. ಚಕ್ರ, ಸಿಲಿಂಡರು, ಪಿಸ್ಟನ್ನು, ಕಡ್ಡಿಯಷ್ಟು ಸಣ್ಣ ಬೋಲ್ಟು, ಎಲ್ಲವೂ ಅವನ ಕೈಯದೇ. ನೋಡಲು ಬಂದವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದು ನೀರ ಎತ್ತತೈತೇನು?" ಎತ್ತುವುದಿಲ್ಲ ಎಂದರೆ ಅವರಿಗೆ ಬೇಸರ. ಯಾಕೆ ಮಾಡುತ್ತೀ ಎಂದರೆ ಇವನಿಗೆ ಬೇಸರ. ಕೊನೆಗೆ ಕೋಣೆಯ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವುದು ರೂಢಿಯಾಯಿತು.

ಐದು ವರ್ಷದ ಹಿಂದೆ ಬೀಳಗಿಯಲ್ಲಿ ಮೋಟರ್ ಸುತ್ತುವ ಅಂಗಡಿಯ ವೀರೇಶ ಎಂಬವನು ಇಂಥ ಹುಚ್ಚರನ್ನೆಲ್ಲ ಹುಡುಕಿ ಮೊಬೈಲಿನಲ್ಲಿ 'ಸಣ್ಣ ಎಂಜಿನ್ ಬಳಗ' ಎಂದು ಗುಂಪು ಕಟ್ಟಿದ. ನಲವತ್ತಮೂರು ಮಂದಿ. ಬೆಳಗಾದರೆ ಮೂವತ್ತು ಮಂದಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಿದ್ದರು, ಉಳಿದವರು ಅದಕ್ಕೆ ಕೈಮುಗಿಯುತ್ತಿದ್ದರು. ಲೇಥಿನ ಮಾತು ಬಂದರೆ ಜಗಳ. ಲೋಹ ಹೆರೆಯುವ ಬಿಟ್ಟು ಕಾರ್ಬೈಡಿನದು ಒಳ್ಳೆಯದೋ, ಕಲ್ಲಿಗೆ ಹಿಡಿದು ನಾವೇ ಮಸೆದುಕೊಳ್ಳುವ ಹೈಸ್ಪೀಡ್ ಸ್ಟೀಲಿನದೋ ಎಂದು ಹದಿನೈದು ದಿನ ಕುಸ್ತಿ ನಡೆಯಿತು. ಹದಿನಾರನೆಯ ದಿನ ಮುಧೋಳದ ಹಿರಿಯನೊಬ್ಬ ಧ್ವನಿಸಂದೇಶ ಕಳಿಸಿದ. "ಇಷ್ಟ ಬಡದಾಡಾಕತ್ತೀರಲ್ಲ, ನಿಮ್ಮೊಳಗ ಸ್ವಂತ ಕೈಲೆ ಬಿಟ್ ಮಸದವರು ಎಷ್ಟ ಮಂದಿ ಅದೀರಿ? ಕೈ ಎತ್ರಿ." ಒಂದೇ ಒಂದು ಕೈ ಎದ್ದಿತು, ಗಿರಮಲ್ಲಪ್ಪನದು.

ಆ ಹಿರಿಯನೇ ಶಿವಯೋಗೆಪ್ಪ. ಮೂವತ್ತನಾಲ್ಕು ವರ್ಷ ಸಕ್ಕರೆ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವ ಟರ್ನರ್ ಆಗಿದ್ದು ನಿವೃತ್ತನಾದವನು. ಅವತ್ತೇ ಸಂಜೆ ಏಳಕ್ಕೆ ಫೋನು ಮಾಡಿದ. "ಲೇ ತಮ್ಮಾ, ನೀ ಯಾವ ಕೋನದಾಗ ಮಸೀತಿ?" ಎಂದು ಶುರುವಾದ ಮಾತು ಐದು ವರ್ಷ ನಿಲ್ಲಲಿಲ್ಲ. ಗುಂಪು ಶುಭೋದಯದಲ್ಲೇ ಕೊಳೆಯಿತು. ಏಳು ಗಂಟೆಯ ಫೋನು ಉಳಿಯಿತು.

ಅವರಿಬ್ಬರ ನಡುವೆ ಒಂದು ಪದ್ಧತಿ ಬೆಳೆಯಿತು. ದಿನದ ಕೆಲಸ ಮುಗಿದ ಮೇಲೆ ಒಬ್ಬ ಮೈಕ್ರೋಮೀಟರಿನಲ್ಲಿ ಅಳೆದು ಓದುವುದು, ಇನ್ನೊಬ್ಬ ತನ್ನ ವಹಿಯಲ್ಲಿ ಬರೆದುಕೊಳ್ಳುವುದು. ಮಿಲಿಮೀಟರಿನ ನೂರನೇ ಒಂದು ಪಾಲಿಗೆ ಅವರು 'ಒಂದು ಗೆರೆ' ಎನ್ನುತ್ತಿದ್ದರು. ಎರಡು ಗೆರೆ ಹೆಚ್ಚು ಹೋಗಿದ್ದರೆ ಹೆಚ್ಚು ಹೋಗಿದೆ ಎಂದೇ ಓದಬೇಕು. ಹಾಗೆ ಓದಿದಾಗ ಆ ಕಡೆಯಿಂದ ಬೈಗುಳ ಬರುತ್ತಿತ್ತು, ನಗೆ ಬರುತ್ತಿತ್ತು, ಸರಿಮಾಡುವ ಉಪಾಯ ಬರುತ್ತಿತ್ತು. ಫೋಟೋ ಕಳಿಸು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಓದಿದ್ದೇ ಅಳತೆ. ತನ್ನ ಬಾಯಿಂದ ಬಂದ ಅಂಕಿಯನ್ನು ಒಬ್ಬ ಮನುಷ್ಯ ಮರುಮಾತಿಲ್ಲದೆ ಬರೆದುಕೊಳ್ಳುತ್ತಾನೆ ಎಂಬುದು ಗಿರಮಲ್ಲಪ್ಪನಿಗೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂದರೆ, ಅದನ್ನು ಯಾರಿಗೂ ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು.

ಐದು ವರ್ಷದಲ್ಲಿ ಇಬ್ಬರೂ ಮುಖ ನೋಡಿರಲಿಲ್ಲ. ಬನಹಟ್ಟಿಗೂ ಮುಧೋಳಕ್ಕೂ ಎಂಥ ದೂರ, ಬಸ್ಸಿನಲ್ಲಿ ಒಂದೂವರೆ ತಾಸಿನ ಹಾದಿ. ಶಿವಯೋಗೆಪ್ಪ ಕರೆದಾಗಲೆಲ್ಲ ಇವನು ಮಗ್ಗದ ಕೆಲಸದ ನೆಪ ಹೇಳುತ್ತಿದ್ದ. ಖರೆ ಕಾರಣ ಬೇರೆ. ಎದುರಿಗೆ ಕೂತಾಗ ತಾನು ಮತ್ತೆ "ಹೂಂ" ಎನ್ನುವ ಮನುಷ್ಯನಾಗಿಬಿಟ್ಟರೆ? ಒಮ್ಮೆ ಹಾಗಾಗಿತ್ತು. ಒಬ್ಬಳು ಎದ್ದು ಹೋಗಿದ್ದಳು.

ಹೋದ ಚಳಿಗಾಲದಲ್ಲಿ ಶಿವಯೋಗೆಪ್ಪನ ಕಣ್ಣು ಕೆಟ್ಟಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ, ಸಣ್ಣದು ಯಾವುದೂ ಕಾಣುವುದಿಲ್ಲ.

"ಲೇ ಗಿರಮಲ್ಲ, ಮೈಕ್ರೋಮೀಟರ್ ಓದಾಕ ಆಗವಲ್ದು. ಗೆರಿ ಎಲ್ಲಾ ಒಂದಕ್ಕೊಂದು ಅಂಟಿಕೊಂಡಾವ," ಎಂದ ಒಂದು ಸಂಜೆ. "ನಾ ಮಾಡಾಕತ್ತಿದ್ದ ಎಂಜಿನ್ನಿಗೆ ಪಿಸ್ಟನ್ ಒಂದ ಉಳದೈತಿ. ನೀನ ಬಂದ ಮುಗಸಿಕೊಡು. ಇದೊಂದು ತಿರಗೂದು ಕೇಳಿದ್ರ ಸಾಕು ನನಗ."

ಬೇರೆಯವರ ಕೈಗೆ ತನ್ನ ಲೇಥ್ ಕೊಡುವವನಲ್ಲ ಶಿವಯೋಗೆಪ್ಪ. ಗಿರಮಲ್ಲಪ್ಪ ಅವತ್ತು ಊಟ ಮಾಡುವಾಗ ನಂದಾಳಿಗೆ, "ರವಿವಾರ ಮುಧೋಳಕ್ಕ ಹೊಂಟೀನಿ, ಒಬ್ಬರದು ಕೆಲಸಾ ಐತಿ," ಎಂದು ತಾನಾಗಿ ಹೇಳಿದ. ಅವಳು ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಿ ನೋಡಿದಳು.

ರವಿವಾರ ಮಹಾಲಿಂಗಪುರದ ಮೇಲೆ ಹಾಯುವ ಬಸ್ಸು ಹಿಡಿದ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದರೆ, ಬಟ್ಟೆಯಲ್ಲಿ ಸುತ್ತಿದ ತನ್ನ ನಾಲ್ಕು ಬಿಟ್ಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಏನೇನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದ. ಯಾವುದೂ ಬೇಕಾಗಲಿಲ್ಲ. ಬಾಗಿಲಲ್ಲೇ ಶಿವಯೋಗೆಪ್ಪ ಎರಡೂ ಕೈಯಲ್ಲಿ ಇವನ ಹೆಗಲು ಹಿಡಿದ.

"ಬಾರಲೇ. ನಿನ್ನ ಮಾರಿ ನೋಡಬೇಕಂತ ಐದ ವರ್ಷ ಕಾದ್ನಿ. ಈಗ ಬಂದಿ, ಕಾಣವಲ್ದು ನೋಡು."

ಮಗಳು ವೈಶಾಲಿ ಚಹಾ ತಂದಳು. ರನ್ನ ಬೆಳಗಲಿಯ ಶಾಲೆಯಲ್ಲಿ ಗಣಿತ ಕಲಿಸುವವಳು, ಅಪ್ಪನ ಕಣ್ಣು ಕೆಟ್ಟ ಮೇಲೆ ಅವನ ಮನೆಯಲ್ಲೇ ಇದ್ದಾಳೆ. "ಕಾಕಾ, ನಿಮ್ಮ ಸುದ್ದಿ ಕೇಳಿ ಕೇಳಿ ನೀವು ನಮ್ಮ ಮನ್ಯಾಗ ಇದ್ದವರಂಗನ ಆಗೇತಿ," ಎಂದಳು. ತಾನಿಲ್ಲದ ಮನೆಯಲ್ಲಿ ತನ್ನ ಸುದ್ದಿ ನಡೆಯುತ್ತದೆ ಎಂದು ಕೇಳಿ ಗಿರಮಲ್ಲಪ್ಪ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದ.

ಎಂಜಿನ್ನು ಚೆಂದಾಗಿತ್ತು. ಕಾರ್ಖಾನೆಯ ಹಳೆಯ ಉಗಿ ಎಂಜಿನ್ನಿನದೇ ನಕಲು, ಮೊಳಕ್ಕಿಂತ ಉದ್ದವಿಲ್ಲ. ಪಿಸ್ಟನ್ನಿಗೆಂದು ಗನ್‌ಮೆಟಲ್ ಎಂಬ ಕಂಚಿನ ಒಂದು ತುಂಡು ಇಟ್ಟಿದ್ದ. ನಿವೃತ್ತನಾದ ದಿನ ಜೊತೆಯವರು ದೊಡ್ಡ ಗಾಣದ ಬೇರಿಂಗಿನಿಂದ ಕೊಯ್ದು ನೆನಪಿಗೆಂದು ಕೊಟ್ಟದ್ದು. ಒಂದೇ ಪಿಸ್ಟನ್ನಿಗೆ ಆಗುವಷ್ಟಿತ್ತು.

ಮುಂಜಾನೆಯೆಲ್ಲ ಕೆಲಸ ಸೊಗಸಾಗಿ ನಡೆಯಿತು. ಗಿರಮಲ್ಲಪ್ಪ ಅಳೆದು ಓದುತ್ತಿದ್ದ. ಶಿವಯೋಗೆಪ್ಪ ಸ್ಟೂಲಿನ ಮೇಲೆ ಕೂತು, "ಹದಿನೈದ ಹಾಕು," "ಈಗ ಹತ್ತ," ಎನ್ನುತ್ತಿದ್ದ. ಇವನು ಬಿಟ್ಟನ್ನು ಮುಂದೆ ಸರಿಸುವ ಹಿಡಿಕೆಯನ್ನು ಅದರ ಮೇಲಿನ ಅಷ್ಟೇ ಗೆರೆ ತಿರುಗಿಸುತ್ತಿದ್ದ. ಬಿಟ್ಟು ಲೋಹವನ್ನು ಹೆರೆಯುವ ಸದ್ದು ಕೇಳಿ ಮುದುಕ ತಲೆದೂಗುತ್ತಿದ್ದ. ವೈಶಾಲಿ ಅಂಕಿಗಳನ್ನು ವಹಿಯಲ್ಲಿ ಬರೆಯುತ್ತಿದ್ದಳು. ಹನ್ನೆರಡರ ಸುಮಾರಿಗೆ ಅಳತೆ ಮೂವತ್ತು ಮಿಲಿಮೀಟರಿನ ಮೇಲೆ ಹದಿನೇಳು ಗೆರೆಗೆ ಬಂತು. ಬೇಕಾದದ್ದು ಇಪ್ಪತ್ತೊಂಬತ್ತರ ಮೇಲೆ ತೊಂಬತ್ತೇಳು. ಇನ್ನು ಇಪ್ಪತ್ತು ಗೆರೆ ಹೋಗಬೇಕು.

"ಅಪ್ಪಾ, ಕಣ್ಣಿಗೆ ಹನಿ ಹಾಕೂ ಹೊತ್ತಾತು," ಎಂದಳು ವೈಶಾಲಿ.

"ಹಾಕಿಸಿಕೊಂಡ ಬರ್ತೀನಿ. ಹತ್ತ ಮಿನಿಟ ಕಣ್ಣ ಮುಚ್ಚಿ ಮಲಗಬೇಕಂತ. ಅಲ್ಲೀತನಕ ತಂಬಾಕ ತಿನ್ನಲೇ," ಎಂದು ನಗುತ್ತ ಒಳಗೆ ಹೋದ.

ಗಿರಮಲ್ಲಪ್ಪ ತಂಬಾಕು ತಿನ್ನಲಿಲ್ಲ. ಶಿವಯೋಗೆಪ್ಪ ಎದ್ದು ಬರುವಷ್ಟರಲ್ಲಿ ಪಿಸ್ಟನ್ನು ಮುಗಿಸಿ ಅವನ ಅಂಗೈಯಲ್ಲಿ ಇಡಬೇಕು ಎಂಬ ಆಸೆ ಹುಟ್ಟಿತು. ಜೀವನದಲ್ಲಿ ಯಾರಿಗೂ ಉಡುಗೊರೆ ಕೊಟ್ಟವನಲ್ಲ, ಈಗೊಂದು ಕೊಡುವ ಅವಕಾಶ ಸಿಕ್ಕಿದೆ. ಇಪ್ಪತ್ತು ಗೆರೆ ತಿರುಗಿಸಿ ಒಂದೇ ಹೆರೆತಕ್ಕೆ ಬಿಟ್ಟ.

ಅವನ ಸ್ವಂತ ಲೇಥಿನಲ್ಲಾದರೆ ಅದು ಸರಿಯೇ. ಅಲ್ಲಿ ಹಿಡಿಕೆಯನ್ನು ಇಪ್ಪತ್ತು ಗೆರೆ ತಿರುಗಿಸಿದರೆ ತುಂಡಿನ ದಪ್ಪದಲ್ಲಿ ಇಪ್ಪತ್ತು ಗೆರೆ ಕಡಿಮೆಯಾಗುತ್ತದೆ. ಶಿವಯೋಗೆಪ್ಪನ ಹಳೆಯ ಲೇಥಿನ ಹಿಡಿಕೆ ಬಿಟ್ಟು ಎಷ್ಟು ಮುಂದೆ ಸರಿಯಿತು ಎಂದಷ್ಟೇ ಹೇಳುತ್ತದೆ. ತಿರುಗುವ ತುಂಡು ಸುತ್ತಲೂ ಹೆರೆಯಲ್ಪಡುವುದರಿಂದ ದಪ್ಪದಲ್ಲಿ ಹೋಗುವುದು ಅದರ ಎರಡು ಪಟ್ಟು. ಮುಂಜಾನೆಯೆಲ್ಲ ಮುದುಕ ಮನಸ್ಸಿನಲ್ಲೇ ಅರ್ಧ ಮಾಡಿ ಹೇಳುತ್ತಿದ್ದ, ಇವನು ವಿಚಾರ ಮಾಡದೆ ತಿರುಗಿಸುತ್ತಿದ್ದ. ಬೇರೆಯವರ ಲೇಥಿನಲ್ಲಿ ಮೊದಲು ತುದಿಯಲ್ಲಿ ಚೂರೇ ಹೆರೆದು ಅಳೆದು ನೋಡಬೇಕೆಂಬುದು ಕೆಲಸ ಕಲಿತ ಮೊದಲ ತಿಂಗಳಿನ ಪಾಠ. ಖುಷಿಯಲ್ಲಿ ಅದೂ ಮರೆತಿತ್ತು.

ಅಳೆದ. ಇಪ್ಪತ್ತೊಂಬತ್ತರ ಮೇಲೆ ಎಪ್ಪತ್ತೇಳು. ಒರೆಸಿ ಮತ್ತೆ ಅಳೆದ. ಎಪ್ಪತ್ತೇಳೇ.

"ಸದ್ದ ಕೇಳಿತು. ಮುಗಿಸೇಬಿಟ್ಟೇನಲೇ?" ಎನ್ನುತ್ತ ಶಿವಯೋಗೆಪ್ಪ ಗೋಡೆ ಹಿಡಿದು ಬಂದ. ಒದ್ದೆ ಕಣ್ಣು ಮಿಟುಕಿಸುತ್ತ ನಿಂತ. ವೈಶಾಲಿ ಪೆನ್ನು ಹಿಡಿದು ಕಾದಳು. "ಎಷ್ಟ ಬಂತು?"

ಕೆಟ್ಟಿತು ಅಣ್ಣಾರ ಎಂದು ಹೇಳಲು ಎಷ್ಟು ಹೊತ್ತು? ಆದರೆ ಆ ಮನೆಯಲ್ಲಿ ತನ್ನ ಸುದ್ದಿ ನಡೆಯುತ್ತಿತ್ತು. ಹೋಳಿಗೆ ಬೇಯುವ ವಾಸನೆ ಬರುತ್ತಿತ್ತು, ತನ್ನ ಸಲುವಾಗಿ. ಗಿರಮಲ್ಲಪ್ಪ ಮೈಕ್ರೋಮೀಟರನ್ನು ಕಣ್ಣಿಗೆ ಹಿಡಿದು ಓದಿದ. "ಇಪ್ಪತ್ತೊಂಬತ್ತು, ತೊಂಬತ್ತೇಳು."

"ಶಾಬ್ಬಾಸ್ ಮಗನ!"

ವೈಶಾಲಿ ಬರೆದುಕೊಂಡಳು. ಹೋಳಿಗೆ ಊಟವಾಯಿತು. ಗಿರಮಲ್ಲಪ್ಪ ಎರಡು ಹೋಳಿಗೆ ನುಂಗಿ, ಶೆಡ್ಡಿನಲ್ಲಿ ಒಂದು ಮಗ್ಗ ನಿಂತಿದೆ, ಫೋನು ಬಂತು ಎಂದು ಎದ್ದ. ಜೋಡಿಸೋದು ಇನ್ನೊಮ್ಮೆ ಬಂದಾಗ ನೋಡೋಣ ಎಂದ. ಫೋನು ಬಂದಿರಲಿಲ್ಲ, ಮತ್ತು ಆ ಮನೆಯಲ್ಲಿ ಯಾರ ಕಿವಿಯೂ ಕೆಟ್ಟಿರಲಿಲ್ಲ.

ಮರುದಿನ ಸಂಜೆ ಏಳಕ್ಕೆ ಫೋನು ಬಂತು.

"ಗಿರಮಲ್ಲಪ್ನವರ, ಊಟ ಆತೇನ್ರಿ?"

ಐದು ವರ್ಷದಲ್ಲಿ ಆ ಬಾಯಿಯಿಂದ ಒಮ್ಮೆಯೂ 'ರಿ' ಬಂದಿರಲಿಲ್ಲ. ಗಿರಮಲ್ಲಪ್ಪ ಆಗಿಲ್ಲರಿ ಎಂದ. ಆ ಕಡೆ ಥಂಡಿ ಹೇಗಿದೆ ಎಂದು ಶಿವಯೋಗೆಪ್ಪ ಕೇಳಿದ. ಇವನು ಇದೆ ಎಂದ. "ಆರಾಮ ಇರ್ರಿ," ಎಂದು ಮುದುಕ ಫೋನು ಇಟ್ಟ. ಮರುದಿನವೂ ಅದೇ. ಅದರ ಮರುದಿನ ಕಬ್ಬಿನ ಟ್ರ್ಯಾಕ್ಟರಿನಿಂದ ರಸ್ತೆ ಕೆಟ್ಟದ್ದರ ಮಾತು. ಪಿಸ್ಟನ್ನಿನ ಸೊಲ್ಲಿಲ್ಲ, ಬೈಗುಳವಿಲ್ಲ, ಅಳತೆಯಿಲ್ಲ. ನಂದಾ "ಊಟ ಮಾಡ್ರಿ" ಎನ್ನುವುದಕ್ಕೂ ಈ ಫೋನಿಗೂ ಏನೂ ವ್ಯತ್ಯಾಸ ಉಳಿಯಲಿಲ್ಲ. ಫೋನು ಬರದೇ ಹೋಗಿದ್ದರೆ ಚೆನ್ನಾಗಿತ್ತು ಎಂದು ಗಿರಮಲ್ಲಪ್ಪನಿಗೆ ಅನ್ನಿಸಿತು. ಆದರೂ ಆರೂವರೆಗೇ ಅದನ್ನು ಮುಂದೆ ಇಟ್ಟುಕೊಂಡು ಕೂರುತ್ತಿದ್ದ.

ಎಂಟನೆಯ ದಿನ ಶೆಡ್ಡಿನ ಹಳೆಯ ಮಗ್ಗದ ದಪ್ಪನೆಯ ಗನ್‌ಮೆಟಲ್ ಬುಷ್ ಒಂದನ್ನು ಹುಡುಕಿ ಹೊಸ ಪಿಸ್ಟನ್ನು ಮಾಡಲು ಕೂತ. ಮೂರು ದಿನ ಹಿಡಿಯಿತು. ಕೊನೆಯ ಇಪ್ಪತ್ತು ಗೆರೆಗಳನ್ನು ಎರಡೆರಡೇ ಗೆರೆಯಂತೆ ಹೆರೆದ. ಇಪ್ಪತ್ತೊಂಬತ್ತು ತೊಂಬತ್ತೇಳು ಎಂದು ಗಟ್ಟಿಯಾಗಿ ಓದಿದ. ಮುಚ್ಚಿದ ಕೋಣೆಯಲ್ಲಿ ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ರವಿವಾರ ಮತ್ತೆ ಮುಧೋಳ. ಈ ಸಲ ಬಸ್ಸಿನಲ್ಲಿ ಹೇಳಿಕೊಂಡದ್ದು ಒಂದೇ ಮಾತು. ಒಳಗೆ ಕಾಲಿಟ್ಟವನೇ ಅದನ್ನು ಹೇಳಿಬಿಟ್ಟ.

"ಅಣ್ಣಾರ, ನಿಮ್ಮ ಪಿಸ್ಟನ್ ನಾ ಕೆಡಿಸಿದ್ನಿರಿ. ಎಪ್ಪತ್ತೇಳ ಬಂದಿತ್ತು. ನಾ ಸುಳ್ಳ ಓದಿದ್ನಿ."

ಶಿವಯೋಗೆಪ್ಪ ಸ್ಟೂಲಿನ ಮೇಲೆ ಕೂತಿದ್ದ. "ಗೊತ್ತೈತಿ," ಎಂದ. "ಮರುದಿನಾ ಮುಂಜಾನಿ ಸಿಲಿಂಡರಿನ ತಳಕ್ಕ ಹೆಬ್ಬಟ್ಟ ಒತ್ತಿ ಪಿಸ್ಟನ್ ಒಳಗ ಬಿಟ್ನಿ. ಸರಿ ಇದ್ರ ಗಾಳಿ ಹಿಡದು ನಿಧಾನ ಇಳೀಬೇಕು. ಟಣ್ ಅಂತ ಬಿತ್ತು."

"ತಪ್ಪಾತ್ರಿ."

"ಪಿಸ್ಟನ್ ಕೆಡತೈತಿ. ನನ್ನ ಕೈಯಾಗ ಎಷ್ಟ ಕೆಟ್ಟಾವ, ನಿನ್ನ ವಹಿ ತಗದ ನೋಡು, ಬರದಿದ್ದೀ. ಅದಕ್ಕ ಯಾರ ಅಳತಾರ?" ಮುದುಕನ ಧ್ವನಿ ಏರಲಿಲ್ಲ. "ಕಣ್ಣ ಹೋದಾಗ ನಾ ಹೆದರಲಿಲ್ಲ. ಗಿರಮಲ್ಲ ಅದಾನ, ಓದತಾನ ಅಂದ್ಕೊಂಡಿದ್ನಿ."

ಗಿರಮಲ್ಲಪ್ಪ ನಿಂತಲ್ಲೇ ಅತ್ತುಬಿಟ್ಟ. ಹೆಂಡತಿ ಹೋದಾಗಲೂ ಅತ್ತವನಲ್ಲ. ಅಳುತ್ತಲೇ ಹೊಸ ಪಿಸ್ಟನ್ನನ್ನು ಬಟ್ಟೆಯಿಂದ ಬಿಚ್ಚಿ ಮುದುಕನ ಅಂಗೈಯಲ್ಲಿಟ್ಟ. ಶಿವಯೋಗೆಪ್ಪ ಬೆರಳಿನಿಂದ ಅದರ ಮೈ ಸವರಿದ, ಅಂಚು ಸವರಿದ, ಬಹಳ ಹೊತ್ತು.

"ಛಲೋ ಮಾಡೀದಿ," ಎಂದ. "ಎಷ್ಟೈತಿ?"

"ತೊಂಬತ್ತೇಳ್ರಿ. ಇಪ್ಪತ್ತೊಂಬತ್ತು ತೊಂಬತ್ತೇಳು."

ಶಿವಯೋಗೆಪ್ಪ ಒಳಗೆ ತಿರುಗಿ, "ವೈಶಾಲಿ, ಇಲ್ಲಿ ಬಾರವ್ವಾ. ಇದನ್ನ ಅಳದ ಹೇಳು," ಎಂದ.

ವೈಶಾಲಿ ಬಂದಳು. ಅವಳಿಗೆ ಮೈಕ್ರೋಮೀಟರ್ ಹಿಡಿಯಲು ಬರುತ್ತಿರಲಿಲ್ಲ. ಹಿಡಿಯುವುದನ್ನು ಕಲಿಸಲು ಗಿರಮಲ್ಲಪ್ಪನನ್ನು ಬಿಟ್ಟರೆ ಅಲ್ಲಿ ಕಣ್ಣಿದ್ದವರು ಯಾರೂ ಇರಲಿಲ್ಲ. ಅವನೇ ಕಲಿಸಿದ. "ಜೋರ ಒತ್ತಬ್ಯಾಡವ್ವಾ. ಹಿಂದಿನ ಸಣ್ಣ ಗುಬಟ ತಿರವು, ಕಟಕಟ ಅಂದ್ರ ಸಾಕು. ಈಗ ಇಪ್ಪತ್ತೈದರ ಮುಂದ ಎಷ್ಟ ಗೆರಿ ಅದಾವ?"

"ನಾಕು."

"ಅಲ್ಲಿಗೆ ಇಪ್ಪತ್ತೊಂಬತ್ತು. ಅರ್ಧದ ಗೆರಿ ಕಾಣತೈತಿಲ್ಲೋ?"

"ಕಾಣತೈತಿ ಕಾಕಾ."

"ಅದಕ್ಕ ಐವತ್ತ. ತಿರಗೂದರ ಮ್ಯಾಲ ಎಷ್ಟೈತಿ, ಅದನ್ನ ಕೂಡಸು."

"ನಲವತ್ತೇಳು. ಅಂದ್ರ ಇಪ್ಪತ್ತೊಂಬತ್ತು ಪಾಯಿಂಟ್ ತೊಂಬತ್ತೇಳು, ಅಪ್ಪಾ."

"ಬರಕೋ," ಎಂದ ಶಿವಯೋಗೆಪ್ಪ.

ಗಿರಮಲ್ಲಪ್ಪನಿಗೆ ಚುಚ್ಚಿತು. ಆದರೆ ನ್ಯಾಯವೇ ಎಂದುಕೊಂಡ. ತಪ್ಪಿಗೆ ಇಷ್ಟಾದರೂ ಬೇಡವೇ? ಇಷ್ಟಕ್ಕೇ ಮುಗಿದರೆ ತಾನು ಪುಣ್ಯವಂತ.

ಎಂಜಿನ್ನು ಜೋಡಿಸಿದರು. ಮುದುಕನ ಕೈ ಮುಂದೆ, ಇವನ ಕೈ ಹಿಂದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿ ತಂದ ಟ್ರ್ಯಾಕ್ಟರ್ ಟ್ಯೂಬು ಮೂಲೆಯಲ್ಲಿತ್ತು, ಉಗಿಯ ಬದಲು ಅದರ ಗಾಳಿ. ನಳಿಕೆ ಸಿಕ್ಕಿಸಿ, ಎಣ್ಣೆ ಬಿಟ್ಟು, ಶಿವಯೋಗೆಪ್ಪ ಚಕ್ರವನ್ನು ಬೆರಳಿನಿಂದ ತಟ್ಟಿದ. ಅರ್ಧ ಸುತ್ತು ಹೋಗಿ ನಿಂತಿತು. ಇನ್ನೊಮ್ಮೆ ತಟ್ಟಿದ. ಪುಸ್ ಎಂದಿತು, ಪುಸ್ ಪುಸ್ ಎಂದಿತು, ಆಮೇಲೆ ನಿಲ್ಲಲಿಲ್ಲ.

"ಹೊಂಟಿತಲೇ!" ಎಂದು ಶಿವಯೋಗೆಪ್ಪ ಕೂಗಿದ. ಎರಡೂ ಕೈಯಿಂದ ಇವನ ಹೆಗಲು ಹಿಡಿದು ಅಲುಗಿಸಿದ. "ಹೊಂಟಿತಲೇ ಗಿರಮಲ್ಲ, ಏನ್ ಚಂದ ಉಸಿರ ಬಿಡಾಕತ್ತೈತಿ, ಕೇಳು, ಕೇಳು!" ವೈಶಾಲಿ ಚಪ್ಪಾಳೆ ತಟ್ಟಿದಳು. ಗಿರಮಲ್ಲಪ್ಪನಿಗೆ ಎದೆ ಹಗುರಾಯಿತು. 'ಲೇ' ತಿರುಗಿ ಬಂದಿತ್ತು. ಮನುಷ್ಯ ತಪ್ಪು ಮಾಡುತ್ತಾನೆ, ಒಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಅದು ತೀರುತ್ತದೆ ಎಂದು ಅವನು ಖುಷಿಯಿಂದ ನಂಬಿದ.

ಮುದುಕ ಕಿವಿಯನ್ನು ಎಂಜಿನ್ನಿನ ಹತ್ತಿರ ತಂದ. "ಮಿನಿಟಿಗೆ ಎಷ್ಟ ಸುತ್ತ ಬೀಳಾಕತ್ತಾವ? ಎಣಸು ನೋಡೋಣು."

ಗಿರಮಲ್ಲಪ್ಪ ಚಕ್ರದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಕೈಗಡಿಯಾರ ನೋಡುತ್ತ ಒಂದು ಮಿನಿಟು ಎಣಿಸಿದ. ಒಂದು ಸುತ್ತೂ ತಪ್ಪಬಾರದೆಂದು ಉಸಿರು ಬಿಗಿಹಿಡಿದಿದ್ದ.

"ನೂರಾ ಹನ್ನೆರಡ್ರಿ ಅಣ್ಣಾರ!"

ಶಿವಯೋಗೆಪ್ಪ ನಗುತ್ತಲೇ ಇದ್ದ. ಆ ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ನಗುವ ಆ ಮುಖವನ್ನೇ ಮಗಳ ಕಡೆ ತಿರುಗಿಸಿದ.

"ವೈಶಾಲಿ, ನೀ ಒಮ್ಮೆ ಎಣಸವ್ವಾ."

ಅವಳು ಗಡಿಯಾರಕ್ಕಾಗಿ ಕೈ ಚಾಚಿದಳು. ಗಿರಮಲ್ಲಪ್ಪ ಬಿಚ್ಚಿ ಕೊಟ್ಟ. ಅವಳ ತುಟಿ ಅಲುಗುವುದನ್ನು ಒಂದು ಮಿನಿಟು ನೋಡುತ್ತ ನಿಂತ.

"ನೂರಾ ಹನ್ನೆರಡು, ಅಪ್ಪಾ."

"ಹಾಂ," ಎಂದ ಶಿವಯೋಗೆಪ್ಪ ಸಮಾಧಾನದಿಂದ. "ಹಂಗಾರ ಖರೆ."